ಮೇಷ್ಟ್ರ ಬೆನ್ನ ಮೇಲೆ ಕೊರ್ದೊಫಾನ್

ಮೇಕೆ ಮೊದಲು ಕೆಂಪು ಸಮುದ್ರವನ್ನು ತಿಂದಿತು.

ಬುಶಾರಾ ಮೇಷ್ಟ್ರು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕಸ್ಸಲಾ ಪಟ್ಟಣವೂ ಅದರ ಹಿಂದಿನ ಬೆಟ್ಟಗಳೂ ಅದರ ಹೊಟ್ಟೆ ಸೇರಿದ್ದವು. ಗೆಜೀರಾದ ಹತ್ತಿ ಹೊಲಗಳನ್ನು ಸಾವಕಾಶವಾಗಿ ಅಗಿಯುತ್ತಾ, ಇನ್ನು ಪಶ್ಚಿಮಕ್ಕೆ ಹೊರಡಲೇ ಎಂಬಂತೆ ಅದು ದಾರ್ಫುರದ ಕಡೆ ನೋಡುತ್ತಿತ್ತು. ಅತ್ಬರಾದ ರೈಲು ಹಳಿಯ ಪಕ್ಕದ ಆ ಶಾಲೆಗೆ ಇದ್ದದ್ದು ಒಂದೇ ಒಂದು ಸುಡಾನ್ ನಕಾಶೆ. ಮಡಿಕೆ ಮಡಿಕೆಗೂ ಹರಿದಿದ್ದ ಅದನ್ನು ಮೇಷ್ಟ್ರು ಗೋಧಿ ಹಿಟ್ಟಿನ ಅಂಟು ಹಾಕಿ ಜೋಡಿಸಿ, ಒಣಗಲೆಂದು ಬೆಳಿಗ್ಗೆ ಕಾಂಪೌಂಡಿನ ಗೋಡೆಯ ಮೇಲೆ ಹರವಿದ್ದರು. ಅವರಿಗೆ ಅದು ಅಂಟು, ಮೇಕೆಗೆ ಅದು ಉಪಾಹಾರ.

"ಹಾಜ್ಜಾ! ನಿಮ್ಮ ಮೇಕೆ ದೇಶಾನೇ ತಿಂತಾ ಇದೆ!" ಎಂದು ಮೇಷ್ಟ್ರು ಕೂಗಿದರು.

ಶಾಲೆಯ ಗೇಟಿನೆದುರು ಚಹಾ ಕಾಯಿಸುವ ಹಾಜ್ಜಾ ಬತೂಲ್ ಇದ್ದಿಲ ಒಲೆ ಬಿಟ್ಟು ಓಡಿ ಬಂದಳು. ಮೇಕೆಯ ದವಡೆ ಹಿಡಿದು ಬಾಯೊಳಗೆ ಇಣುಕಿದಳು. ನಾಲಿಗೆ ನೀಲಿಯಾಗಿತ್ತು.

"ಅಯ್ಯೋ ನನ್ನ ಚಿನ್ನ! ಮೇಷ್ಟ್ರೇ, ಇದರಲ್ಲಿ ಶಾಯಿ ಎಷ್ಟಿತ್ತು? ಹಾಲು ಕೆಡೋದಿಲ್ಲ ತಾನೆ? ತಿನ್ನೋ ಜಾಗದಲ್ಲಿ ಇಂಥದ್ದೆಲ್ಲ ಇಡ್ತಾರೇನ್ರೀ, ನಿಮಗೆ ಬುದ್ಧಿ ಬೇಡ್ವಾ?"

ಬೈಸಿಕೊಂಡ ಮೇಷ್ಟ್ರು ಉಳಿದ ತುಂಡನ್ನು ಸುರುಳಿ ಸುತ್ತಿಕೊಂಡು ಹೆಡ್‌ಮಾಸ್ಟರರ ಕೋಣೆಗೆ ಹೋದರು. ಹೆಡ್‌ಮಾಸ್ಟರ್ ಸಿರ್ರುಲ್ ಖತಿಮ್ ಖರ್ಜೂರದ ಮರದಷ್ಟು ಎತ್ತರದ ಮನುಷ್ಯ. ಕುಳಿತಿದ್ದರೂ ನಿಂತವರನ್ನು ಮೇಲಿನಿಂದಲೇ ನೋಡುತ್ತಿದ್ದರು.

"ಎಷ್ಟು ಉಳಿದಿದೆ?"

"ದಾರ್ಫುರ ಪೂರ್ತಿ ಇದೆ ಸಾರ್. ಒಂಚೂರು ಲಿಬಿಯಾ ಕೂಡ ಇದೆ."

"ಲಿಬಿಯಾ ಕಟ್ಟಿಕೊಂಡು ಏನ್ರೀ ಮಾಡ್ಲಿ? ಮಧ್ಯಾಹ್ನ ಮೂರರ ರೈಲಿಗೆ ಖಾರ್ಟೂಮಿಂದ ಇನ್‌ಸ್ಪೆಕ್ಟರ್ ಬರ್ತಿದಾರೆ. ಬೇರೆ ಏನೂ ಬೇಡ, ಭೂಗೋಳದ ಪಾಠ ನೋಡ್ಬೇಕು ಅಂತ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದಾರೆ. ನಕಾಶೆ ಇಲ್ಲದ ಭೂಗೋಳ ಅಂದ್ರೆ ಒಂಟೆ ಇಲ್ಲದ ಸಂತೆ. ಆಮೇಲೆ ನಿಮ್ಮ ಪೋರ್ಟ್ ಸುಡಾನ್ ಅರ್ಜಿಗೆ ನಾನು ಯಾವ ಮುಖ ಇಟ್ಟುಕೊಂಡು ಶಿಫಾರಸು ಮಾಡ್ಲಿ?"

ಪೋರ್ಟ್ ಸುಡಾನ್ ಕೆಂಪು ಸಮುದ್ರದ ದಡದ ಊರು, ಮೇಷ್ಟ್ರ ಕನಸಿನ ಊರು. ಹದಿನಾಲ್ಕು ವರ್ಷಗಳಿಂದ ಅವರು ಮಕ್ಕಳಿಗೆ ಸಮುದ್ರದ ಪಾಠ ಮಾಡುತ್ತಿದ್ದರು. ಅಲೆ, ಉಬ್ಬರ, ಹವಳದ ದಿಬ್ಬ ಎಲ್ಲವನ್ನೂ ಕೈಯಾಡಿಸಿ, ಸೊಂಟ ಬಳುಕಿಸಿ, ಕೆನ್ನೆ ಉಬ್ಬಿಸಿ ವರ್ಣಿಸುತ್ತಿದ್ದರು. ಆದರೆ ಸಮುದ್ರವನ್ನು ಕಂಡಿರಲಿಲ್ಲ. ಉತ್ತರಕ್ಕೆ ಬೆರ್ಬರ್, ದಕ್ಷಿಣಕ್ಕೆ ಶೆಂದಿ, ಅವರ ಜಗತ್ತು ಅಷ್ಟೇ. ಸಮುದ್ರದ ಊರಿಗೆ ವರ್ಗ ಬೇಕೆಂದು ಹನ್ನೊಂದು ಅರ್ಜಿ ಹಾಕಿದ್ದರು.

"ಹೊರಗಿನ ಗೋಡೆ ಖಾಲಿ ಇದೆ ಸಾರ್. ಅದರ ಮೇಲೆ ನಾನೇ ಬರೀತೀನಿ. ಮಧ್ಯಾಹ್ನ ಮೂರರೊಳಗೆ ಇಡೀ ದೇಶ ತಯಾರು," ಎಂದುಬಿಟ್ಟರು.

ಕೋಣೆಯ ಕಿಟಕಿಯಾಚೆ ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿದ್ದ ಲೆಕ್ಕದ ಮೇಷ್ಟ್ರು ಅವದ್ ಅಲ್ಲಿಂದಲೇ ಒಂದು ಕಣ್ಣು ತೆರೆದ. ಮಕ್ಕಳನ್ನು ಒಗೆದ ಬಟ್ಟೆ ಹಾಕಿಕೊಂಡು ಮಧ್ಯಾಹ್ನ ಮೂರಕ್ಕೆ ಬನ್ನಿ ಎಂದು ಮನೆಗೆ ಕಳಿಸಿದ್ದರಿಂದ ಅವನಿಗೆ ಬೆಳಿಗ್ಗೆಯೇ ಬಿಡುವು.

"ಬರಿಯಪ್ಪ ಬರಿ. ದೇವರಿಗೇ ಆರು ದಿನ ಬೇಕಾಯ್ತು. ನಿನಗೆ ಆರು ಗಂಟೆ."

"ಒಂದು ಕೈ ಹಚ್ಚೋ ಅವದ್."

"ನನಗೆ ಸೊಂಟ ನೋವು," ಎಂದು ಅವದ್ ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿದ.

ಬಣ್ಣದ ಚಿಂತೆಯನ್ನು ಪರಿಹರಿಸಿದವನು ರೈಲ್ವೆ ಗಾರ್ಡ್ ಓಶೈಕ್. ಅವನು ಕೆಂಪು ಸಮುದ್ರದ ಪಕ್ಕದ ಬೆಟ್ಟಗಳವನು. ತಲೆಯ ಮೇಲೆ ಕೊಡೆಯಂತೆ ಕೂದಲು, ಕೂದಲಲ್ಲಿ ಮರದ ಬಾಚಣಿಗೆ, ಕೈಯಲ್ಲಿ ಸದಾ ಶುಂಠಿ ಕಾಫಿಯ ಹೂಜಿ. ಆ ದಿನ ಅವನಿಗೆ ರಜೆ. ವರ್ಕ್‌ಶಾಪಿನ ಮೇಸ್ತ್ರಿಯನ್ನು ಕೇಳಿ ಉಳಿಕೆ ಬಣ್ಣದ ಡಬ್ಬಿಗಳನ್ನು ಹೊತ್ತು ತಂದ. ಗೂಡ್ಸ್ ಬೋಗಿಯ ಕೆಂಗಂದು, ಪ್ರಯಾಣಿಕರ ಬೋಗಿಯ ಕೆನೆ ಬಣ್ಣ, ಸಿಗ್ನಲ್ ಕಂಬದ ಹಸಿರು, ಎಂಜಿನ್ನಿನ ಕಪ್ಪು. ನೀಲಿ ಮಾತ್ರ ಇರಲಿಲ್ಲ.

"ರೈಲಲ್ಲಿ ನೀಲಿ ಏನೂ ಇರಲ್ಲ ಮೇಷ್ಟ್ರೇ. ಮೊದಲು ಕಾಫಿ ಕುಡೀರಿ," ಎಂದ.

"ಹೊತ್ತಿಲ್ಲ ಓಶೈಕ್."

"ಮೂರು ಲೋಟ. ನಮ್ಮಲ್ಲಿ ಮೂರಕ್ಕೆ ಕಡಿಮೆ ಕುಡಿದ್ರೆ ಜಗಳ ಅಂತ ಅರ್ಥ. ಜಗಳಾನಾ?"

ಜಗಳವಿಲ್ಲವೆಂದು ಸಾಬೀತುಪಡಿಸುವಷ್ಟರಲ್ಲಿ ಒಂಬತ್ತೂವರೆಯಾಯಿತು. ಮೇಷ್ಟ್ರ ಕೈ ಕಾಫಿಯ ದೆಸೆಯಿಂದ ನಡುಗುತ್ತಿತ್ತು. ಖಾಲಿ ಚಹಾ ಪೆಟ್ಟಿಗೆಯ ಮೇಲೆ ನಿಂತು ಉತ್ತರದ ಗಡಿಯನ್ನು ನೇರವಾಗಿ ಎಳೆಯಲು ಹೋದರೆ ಅದು ಗರಗಸದ ಹಲ್ಲಿನಂತಾಯಿತು.

"ಈಜಿಪ್ಟಿನೋರಿಗೆ ನಾವು ಅಷ್ಟು ಜಾಗ ಯಾಕ್ರೀ ಬಿಟ್ಟುಕೊಡ್ಬೇಕು?" ಹಿಂದಿನಿಂದ ದನಿ ಬಂತು. ಶಾಲೆಯ ಕಾವಲುಗಾರ ತಿಯಾ. ನೂಬಾ ಬೆಟ್ಟದವನು, ಪ್ರಾಯದಲ್ಲಿ ಕುಸ್ತಿಯಲ್ಲಿ ಹೆಸರು ಮಾಡಿದವನು. ಈಗಲೂ ಬಾಗಿಲು ತೆಗೆಯಬೇಕಾದರೆ ಎದುರಾಳಿಯನ್ನು ಹಿಡಿದಂತೆ ಹಿಡಿಯುತ್ತಿದ್ದ.

ದಕ್ಷಿಣ ಇನ್ನೂ ಬೇರೆ ದೇಶವಾಗಿರದ ಕಾಲ. ದೇಶ ದೊಡ್ಡದು, ಗೋಡೆ ಚಿಕ್ಕದು. ಮೇಷ್ಟ್ರು ಉತ್ತರವನ್ನು ಪೆಟ್ಟಿಗೆಯ ಮೇಲೆ ನಿಂತು ಬರೆದರು, ಖಾರ್ಟೂಮನ್ನು ನೆಲದ ಮೇಲೆ ನಿಂತು ಬರೆದರು, ಮಲಕಾಲನ್ನು ಮಂಡಿಯೂರಿ ಬರೆದರು, ಜೂಬಾ ಬರೆಯುವ ಹೊತ್ತಿಗೆ ಹೊಟ್ಟೆಯ ಮೇಲೆ ಮಲಗಿದ್ದರು. ಎದ್ದು ನೋಡಿದರೆ ಬೀದಿಯ ಅರ್ಧ ಜನ ಹಿಂದೆ ನಿಂತಿದ್ದರು.

"ನೈಲ್ ತಿರುವು ತಪ್ಪಾಗಿದೆ," ಎಂದಳು ಹಾಜ್ಜಾ ಬತೂಲ್.

"ಸರಿಯಾಗೇ ಇದೆ ಹಾಜ್ಜಾ. ಅಬು ಹಮದ್‌ನಲ್ಲಿ ತಿರುಗಿ, ಕೆಳಗಿಳಿದು, ಮತ್ತೆ ಮೇಲಕ್ಕೆ ಹೋಗುತ್ತೆ."

"ನನಗೆ ಹೇಳ್ಕೊಡ್ತೀರಾ? ಆ ತಿರುವಿನಲ್ಲೇ ನನ್ನ ತವರು! ನೀವು ಬರೆದಿರೋ ಪ್ರಕಾರ ನದಿ ನಮ್ಮ ದೊಡ್ಡಪ್ಪನ ಖರ್ಜೂರದ ತೋಟದ ಮೇಲೆ ಹಾದುಹೋಗಿದೆ. ಅವರು ಬದುಕಿದ್ದಿದ್ರೆ ಕೋಲು ತಗೊಂಡು ಬರ್ತಿದ್ರು. ಕೊಡಿ ಇಲ್ಲಿ."

ಕುಂಚ ಕಸಿದುಕೊಂಡು ಅವಳು ತಿರುವನ್ನು ಎಳೆದಳು. ಎಳೆದಳು, ಎಳೆದಳು, ನದಿ ಲಿಬಿಯಾದ ಗಡಿಯನ್ನು ಮುಟ್ಟುವ ತನಕ ಎಳೆದಳು. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಒಂದು ಡಬ್ಬಿ ಬಟ್ಟೆಯ ನೀಲಿಯನ್ನೂ ತಂದುಕೊಟ್ಟಳು.

ಬಟ್ಟೆಯ ನೀಲಿಗೂ ಎಣ್ಣೆ ಬಣ್ಣಕ್ಕೂ ಆಗಿಬರುವುದಿಲ್ಲವೆಂದು ಮೇಷ್ಟ್ರಿಗೆ ಆಗ ಗೊತ್ತಾಯಿತು. ನೀರಲ್ಲಿ ಕಲಸಿ ಬಳಿದ ಕೆಂಪು ಸಮುದ್ರ ಗೋಡೆಯ ಮೇಲೆ ನಿಲ್ಲಲೇ ಇಲ್ಲ. ಹತ್ತಾರು ಕಾಲುವೆಗಳಾಗಿ ಇಳಿದು ಇಥಿಯೋಪಿಯಾದೊಳಗೆ ನುಗ್ಗಿತು. ಹೆಡ್‌ಮಾಸ್ಟರ್ ಹೊರಬಂದವರು ಹೌಹಾರಿದರು.

"ಏನ್ರೀ ಇದು! ಪರದೇಶವನ್ನ ಮುಳುಗಿಸ್ತಿದೀರಲ್ರೀ! ನಾಳೆ ಅಡಿಸ್ ಅಬಾಬಾದಿಂದ ಕಾಗದ ಬಂದ್ರೆ ಉತ್ತರ ಕೊಡೋರು ಯಾರು, ನೀವೋ ನಾನೋ?"

"ಸಮುದ್ರ ಇಷ್ಟು ತೆಳ್ಳಗಿರಲ್ಲ," ಎಂದು ಓಶೈಕ್ ಮತ್ತೊಂದು ಡಬ್ಬಿ ನೀಲಿ ಸುರಿದು ಬಳಿದ. "ಸುವಾಕಿನ್ ಬಂದರಿನ ಹತ್ರ ಹೀಗೆ ಒಳಗೆ ಬಾಗುತ್ತೆ. ನಮ್ಮಪ್ಪ ಅಲ್ಲಿ ಮೀನು ಹಿಡೀತಿದ್ದ. ಇಲ್ಲಿ ಬೆಟ್ಟ. ಇಲ್ಲಿ ಮಂಜು. ಮಂಜು ಎಲ್ಲಿ ಬರೆದಿದೀರಿ?"

"ಮಂಜನ್ನ ನಕಾಶೆಯಲ್ಲಿ ಬರೆಯೋದಿಲ್ಲಪ್ಪ."

"ಹಾಗಾದ್ರೆ ಅದೆಂಥಾ ನಕಾಶೆ?"

ತಿಯಾ ಅಷ್ಟರಲ್ಲಿ ಯಾರನ್ನೂ ಕೇಳದೆ ಕೆಂಗಂದಿನ ಡಬ್ಬಿಗೆ ಹೆಬ್ಬೆರಳು ಅದ್ದಿ ದೇಶದ ನಡುವಿನ ಕೊರ್ದೊಫಾನ್ ಪ್ರಾಂತ್ಯದಲ್ಲಿ ಗುಡ್ಡಗಳನ್ನು ಒತ್ತುತ್ತಾ ಹೋಗಿದ್ದ. ತೊಂಬತ್ತೊಂಬತ್ತು ಗುಡ್ಡ. "ನಮ್ಮ ಕಡೆ ಗುಡ್ಡ ಅಷ್ಟಿವೆ ಸಾರ್. ಒಂದು ಬಿಟ್ಟರೆ ಆ ಗುಡ್ಡದವರಿಗೆ ಬೇಜಾರಾಗುತ್ತೆ," ಎಂದ. ಅವನ ಹೆಬ್ಬೆರಳೋ ಮೂಲಂಗಿಯಷ್ಟು ದಪ್ಪ. ಗುಡ್ಡಗಳು ಒಂದು ಕಡೆ ಖಾರ್ಟೂಮಿನ ಬಾಗಿಲಿನ ತನಕವೂ ಇನ್ನೊಂದು ಕಡೆ ದಕ್ಷಿಣದ ಜೌಗು ನೆಲದ ತನಕವೂ ಹಬ್ಬಿದ್ದವು.

ಮೇಷ್ಟ್ರು ಒಬ್ಬರಿಗೆ ಬೇಡ ಎನ್ನುವಷ್ಟರಲ್ಲಿ ಇನ್ನೊಬ್ಬರು ಬಳಿಯುತ್ತಿದ್ದರು. ಯಾರದೋ ಅತ್ತೆಯ ಊರು, ಯಾರೋ ಒಂಟೆ ಕೊಂಡ ಬಾವಿ, ಯಾರಿಗೋ ಚೇಳು ಕಚ್ಚಿದ ಸ್ಟೇಷನ್ನು, ಎಲ್ಲವೂ ಗೋಡೆ ಹತ್ತಿದವು. ಕೊನೆಗೆ ಹೆಡ್‌ಮಾಸ್ಟರರೂ ಗಂಟಲು ಸರಿಮಾಡಿಕೊಂಡರು.

"ಒಂದು ಸಣ್ಣ ವಿಷಯ. 'ಮುಖ್ಯೋಪಾಧ್ಯಾಯ ಸಿರ್ರುಲ್ ಖತಿಮ್ ಅವರ ಮೇಲ್ವಿಚಾರಣೆಯಲ್ಲಿ' ಅಂತ ಒಂದು ಸಾಲು ಇರ್ಲಿ. ಕಣ್ಣಿಗೆ ನೇರವಾಗಿ ಕಾಣೋ ಹಾಗೆ."

"ಕೆಳಗೆ ಮೂಲೆಯಲ್ಲಿ ಬರೆಯಲಾ ಸಾರ್?"

"ಕಣ್ಣಿಗೆ ನೇರವಾಗಿ ಅಂದೆ."

ಹೆಡ್‌ಮಾಸ್ಟರರ ಕಣ್ಣಿನ ನೇರ ಎಂದರೆ ಗೋಡೆಯ ಮೇಲುಭಾಗ. ಮೇಷ್ಟ್ರು ಮತ್ತೆ ಪೆಟ್ಟಿಗೆ ಹತ್ತಿ, ಎಂಜಿನ್ನಿನ ಕಪ್ಪಿನಲ್ಲಿ, ನೈಲ್ ನದಿಯನ್ನು ಅಡ್ಡ ದಾಟಿಸಿ ಆ ಹೆಸರನ್ನು ದಪ್ಪಕ್ಷರದಲ್ಲಿ ಬರೆದರು. ಇಳಿದು ದೂರ ನಿಂತು ನೋಡಿದರು. ದೇಶವೆಂದರೆ ದೇಶ, ಅಲ್ಲವೆಂದರೆ ಅಲ್ಲ. ಆದರೂ ಎಲ್ಲೋ ಒಂದು ಕಡೆ ಸುಡಾನಿನ ಕಳೆ ಇತ್ತು. ಗಂಟೆ ಎರಡೂವರೆ.

"ಮುಗೀತು," ಎಂದು ಅವರು ನಿಟ್ಟುಸಿರು ಬಿಟ್ಟರು.

ಆಗ ತಿಯಾ ದಕ್ಷಿಣದ ಕಡೆ ಕೈ ತೋರಿಸಿ, "ಸಾರ್, ಅದೇನದು?" ಎಂದ.

ಮನೆಗಳ ಆಚೆ, ಹಳಿಗಳ ಆಚೆ, ನೆಲದಿಂದ ಮುಗಿಲಿನ ತನಕ ಕಂದು ಬಣ್ಣದ ಒಂದು ಗೋಡೆ ಎದ್ದು ನಿಂತು ನಡೆದು ಬರುತ್ತಿತ್ತು. "ಹಬೂಬ್! ಮರಳ ಬಿರುಗಾಳಿ!" ಎಂದು ಯಾರೋ ಕೂಗಿದರು. ಕ್ಷಣದಲ್ಲಿ ಬೀದಿ ಬರಿದಾಯಿತು. ಬತೂಲ್ ಕೆಟಲನ್ನೂ ಮೇಕೆಯನ್ನೂ ಒಂದೇ ಕಂಕುಳಲ್ಲಿ ಇರುಕಿಕೊಂಡು ತರಗತಿಯೊಳಗೆ ನುಗ್ಗಿದಳು. ಅವದ್ ಮಂಚವನ್ನು ತಲೆಯ ಮೇಲೆ ಹೊತ್ತುಕೊಂಡು ಸ್ಟಾಫ್ ರೂಮಿಗೆ ಓಡಿದ. ಸೊಂಟ ನೋವಿನ ಸುಳಿವಿರಲಿಲ್ಲ.

"ಒಳಗೆ ಬನ್ರೀ ಮೇಷ್ಟ್ರೇ! ಧೂಳು ನುಂಗ್ತೀರಾ?" ಎಂದು ಓಶೈಕ್ ಕಿಟಕಿಯಿಂದ ಕೂಗಿದ.

"ಬಣ್ಣ ಹಸಿ ಇದೆಯಪ್ಪಾ!"

ಮೇಷ್ಟ್ರು ತಲೆಯ ಮೇಲಿನ ಐದು ಗಜದ ರುಮಾಲನ್ನು ಬಿಚ್ಚಿ ನಕಾಶೆಯ ಮೇಲೆ ಹೊದಿಸಲು ನೋಡಿದರು. ಗಾಳಿ ಅದನ್ನು ಕಿತ್ತುಕೊಂಡು ಬೆರ್ಬರಿನ ದಿಕ್ಕಿಗೆ ಹೋಯಿತು. ಬೇರೆ ದಾರಿ ಕಾಣದೆ ಅವರು ಚಹಾ ಪೆಟ್ಟಿಗೆಯ ಮೇಲೆ ನಿಂತು, ಗೋಡೆಗೆ ಬೆನ್ನು ಒತ್ತಿ, ಎರಡೂ ಕೈ ಚಾಚಿ, ಕಣ್ಣು ಮುಚ್ಚಿದರು. ಲೋಕವೆಲ್ಲ ಕಂದಾಯಿತು. ಮೂಗಿಗೆ ಮರಳು, ಕಿವಿಗೆ ಮರಳು, ಹಲ್ಲಿನ ಸಂದಿಗೆ ಮರಳು. ಸಮುದ್ರ, ಸಮುದ್ರ ಎಂದು ಅವರು ಮನಸ್ಸಿನಲ್ಲೇ ಜಪಿಸುತ್ತಾ ನಿಂತರು.

ಕಾಲು ಗಂಟೆಯ ನಂತರ ಗಾಳಿ ನಿಂತಿತು. ಎಲ್ಲರೂ ಹೊರಬಂದರು. ಮೇಷ್ಟ್ರು ಗೋಡೆಯಿಂದ ಬಿಡಿಸಿಕೊಂಡಾಗ ಪಟಪಟನೆ ಸದ್ದಾಯಿತು.

"ಅಯ್ಯೋ, ತಿರುಗಿ ನಿಲ್ಲಿ," ಎಂದಳು ಬತೂಲ್. ಬಿಳಿಯ ನಿಲುವಂಗಿಯ ಬೆನ್ನಿನ ಮೇಲೆ ಇಡೀ ಕೊರ್ದೊಫಾನ್ ಅಚ್ಚಾಗಿತ್ತು. ತಿಯಾನ ಗುಡ್ಡಗಳಲ್ಲಿ ಅರವತ್ತಾದರೂ ಅಲ್ಲಿದ್ದವು. ಬೋಳು ತಲೆಯ ಹಿಂದೆ 'ಮೇಲ್ವಿಚಾರಣೆಯಲ್ಲಿ' ಎಂಬುದು ತಿರುಗುಮುರುಗಾಗಿ ಮೂಡಿತ್ತು.

ಗೋಡೆಯನ್ನು ನೋಡುವ ಧೈರ್ಯ ಮೇಷ್ಟ್ರಿಗಿರಲಿಲ್ಲ. ನೋಡಿದರು. ಹಸಿ ಬಣ್ಣಕ್ಕೆ ಬೆರಳು ದಪ್ಪ ಮರಳು ಮೆತ್ತಿಕೊಂಡು ದೇಶ ಹಪ್ಪಳದಂತೆ ಉಬ್ಬಿತ್ತು. ನಟ್ಟನಡುವೆ, ಎರಡೂ ಕೈ ಚಾಚಿ ನಿಂತ ಒಬ್ಬ ಮನುಷ್ಯನ ಆಕಾರದಲ್ಲಿ ಮರಳಿಲ್ಲದ ಜಾಗ. ಒಂದು ಕೈ ದಾರ್ಫುರದಲ್ಲಿ, ಇನ್ನೊಂದು ಕಸ್ಸಲಾದಲ್ಲಿ.

"ಈಗ ಅಳಿಸಿಬಿಡೋಣ," ಎಂದರು ಹೆಡ್‌ಮಾಸ್ಟರ್.

"ಏನನ್ನ ಅಳಿಸೋದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ತಲೆಯಿಂದ ಕಾಲಿನ ತನಕ ಧೂಳು ಬಡಿದ ಒಬ್ಬ ಗಿಡ್ಡ ಮನುಷ್ಯ, ಕಂಕುಳಲ್ಲಿ ಚರ್ಮದ ಚೀಲ. ರೈಲು ಎಂದೂ ಇಲ್ಲದ ಹಾಗೆ ಬೇಗ ಬಂದಿತ್ತು. ಇನ್‌ಸ್ಪೆಕ್ಟರ್ ದಫಾಲ್ಲಾ ಅವರು ಕನ್ನಡಕ ತೆಗೆದು, ಊದಿ, ಮತ್ತೆ ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ಬೆರಳಿನಿಂದ ನೂಬಿಯಾದ ಮರುಭೂಮಿಯನ್ನು ಮುಟ್ಟಿದರು. ಬೆರಳನ್ನು ಮೂಸಿದರು.

"ಮರಳು," ಎಂದರು. "ಮರುಭೂಮಿ ಇರೋ ಜಾಗದಲ್ಲಿ ನಿಜವಾದ ಮರಳು! ಇಪ್ಪತ್ತು ವರ್ಷದಿಂದ ಶಾಲೆ ನೋಡ್ತಿದೀನಿ. ಎಲ್ಲ ಕಡೆ ಅದೇ ಹಳದಿ ಕಾಗದ. ಮತ್ತೆ ಇದೇನು, ನಡುವೆ ಈ ಮನುಷ್ಯ?"

ಮೇಷ್ಟ್ರು ಬಾಯಿ ತುಂಬಿದ್ದ ಮರಳನ್ನು ಉಗುಳತೊಡಗಿದರು.

"ಭೂಗೋಳದ ನಕಾಶೆಯಲ್ಲಿ ಯಾವತ್ತೂ ಜನ ಇರೋದೇ ಇಲ್ಲ," ಎಂದು ಇನ್‌ಸ್ಪೆಕ್ಟರ್ ತಾವೇ ಉತ್ತರ ಹೇಳಿಕೊಂಡರು. "ನೀವು ಇಟ್ಟಿದೀರಿ. ಭೇಷ್! ಯಾರು ಮಾಡಿದ್ದು?"

"ನದಿ ನಾನು ಬರೆದೆ," ಎಂದಳು ಬತೂಲ್ ಥಟ್ಟನೆ. "ಅವರು ತಪ್ಪು ಬರೆದಿದ್ರು."

"ಸಮುದ್ರ ನಂದು," ಎಂದ ಓಶೈಕ್.

"ಗುಡ್ಡ ನಂದು ಸಾರ್. ಮೂವತ್ತೊಂಬತ್ತು ಇಲ್ಲಿವೆ. ಉಳಿದವು ಮೇಷ್ಟ್ರ ಬೆನ್ನ ಮೇಲಿವೆ," ಎಂದ ತಿಯಾ.

ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೂ ಕೆದಕಿ ಕೇಳಿದರು. ಬತೂಲ್ ನದಿಯ ತಿರುವಿನ ಒಂದೊಂದು ಊರನ್ನೂ ಅಲ್ಲಿನ ಖರ್ಜೂರದ ತಳಿಯ ಸಮೇತ ಒಪ್ಪಿಸಿದಳು. ಓಶೈಕ್ ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬಂದರೆ ಮೀನು ಎಲ್ಲಿಗೆ ಹೋಗುತ್ತದೆಂದು ಹೇಳಿದ. ಇನ್‌ಸ್ಪೆಕ್ಟರ್ ತಲೆದೂಗಿದರು. ನಂತರ ಕನ್ನಡಕ ಸರಿಮಾಡಿಕೊಂಡು ಮೇಷ್ಟ್ರ ಕಡೆ ತಿರುಗಿದರು.

"ಎಲ್ಲ ಸರಿ. ಇದರಲ್ಲಿ ಅತ್ಬರಾ ಎಲ್ಲಿ?"

ಮೇಷ್ಟ್ರು ಗೋಡೆ ನೋಡಿದರು. ಹೆಡ್‌ಮಾಸ್ಟರ್ ಗೋಡೆ ನೋಡಿದರು. ಅತ್ಬರಾ ಇರಬೇಕಾದ ಜಾಗದಲ್ಲಿ ಸಿರ್ರುಲ್ ಖತಿಮ್ ಎಂಬ ದಪ್ಪ ಹೆಸರು ಕಾಲು ಚಾಚಿ ಮಲಗಿತ್ತು. ಮೇಷ್ಟ್ರ ಕಣ್ಣ ಮುಂದೆ ಸಮುದ್ರ ಹಿಮ್ಮೆಟ್ಟಿ ಹಿಮ್ಮೆಟ್ಟಿ ಒಂದು ಗೆರೆಯಾಯಿತು.

"ಅತ್ಬರಾ ಯಾಕೆ ಬರೀಬೇಕು ಸಾರ್?" ಎಂದ ತಿಯಾ, ಅಚ್ಚರಿಯಿಂದ. "ಅಲ್ಲೇ ನಿಂತಿದೀವಲ್ಲ!"

ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮೈಮೇಲಿನ ಧೂಳೆಲ್ಲ ಉದುರುವ ತನಕ ನಕ್ಕರು. ಮೇಷ್ಟ್ರ ಜೀವ ಹೋದದ್ದು ಮರಳಿ ಬಂತು. ನಗು ಮುಗಿದ ಮೇಲೆ ಇನ್‌ಸ್ಪೆಕ್ಟರ್ ಕಣ್ಣೊರೆಸಿಕೊಂಡು ಚೀಲ ತೆರೆದು ಒಂದು ಹಾಳೆ ಹೊರತೆಗೆದರು.

"ಬುಶಾರಾ ಅಂದ್ರೆ ನೀವೇ ತಾನೆ? ಇದು ನಿಮ್ಮ ವರ್ಗದ ಆದೇಶ. ಪೋರ್ಟ್ ಸುಡಾನ್‌ಗೆ. ಎಂಟು ದಿನದ ಹಿಂದೆಯೇ ಸಹಿ ಆಗಿದೆ. ಹೇಗೂ ಈ ಕಡೆ ಬರ್ತೀನಲ್ಲ, ಪಾಠವನ್ನೂ ಒಂದು ಸಲ ನೋಡಿ ಕೈಯಾರೆ ಕೊಟ್ಟು ಹೋಗೋಣ ಅಂತ ತಂದೆ."

ಮೇಷ್ಟ್ರು ಎರಡೂ ಕೈ ಚಾಚಿದರು. ಇನ್‌ಸ್ಪೆಕ್ಟರ್ ಹಾಳೆಯನ್ನು ಕೊಡಲಿಲ್ಲ.

"ಆದರೆ ಇದನ್ನೆಲ್ಲ ನೋಡಿದ ಮೇಲೆ ಹೇಗ್ರೀ ಕೊಡ್ಲಿ? ಚಹಾ ಮಾರೋರು, ರೈಲಿನೋರು, ಕಾವಲಿನೋರು, ಇಡೀ ಬೀದಿಗೆ ಭೂಗೋಳ ಕಲಿಸಿದೀರಿ. ನಿಮ್ಮನ್ನ ಈ ಊರಿಂದ ಕಿತ್ತುಕೊಂಡು ಹೋದ್ರೆ ಜನ ನನ್ನನ್ನ ಕ್ಷಮಿಸ್ತಾರಾ?"

"ಖಂಡಿತ ಇಲ್ಲ!" ಎಂದು ಬೀದಿ ಒಕ್ಕೊರಲಿನಿಂದ ಕೂಗಿತು. ಬತೂಲ್ ಸೆರಗಿನಿಂದ ಕಣ್ಣೊರೆಸಿಕೊಂಡು, ಮದುವೆಮನೆಯಲ್ಲಿ ಹೆಂಗಸರು ನಾಲಿಗೆ ಆಡಿಸಿ ಹಾಕುವ ಹರ್ಷದ ಕೂಗೊಂದನ್ನು ಹೊರಡಿಸಿದಳು.

"ಸಾರ್, ನಾನು..." ಎಂದರು ಮೇಷ್ಟ್ರು.

"ಪಾಪ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ," ಎಂದು ಹೆಡ್‌ಮಾಸ್ಟರ್ ಅವರ ಬೆನ್ನು ತಟ್ಟಿ, ಅಂಗೈಗೆ ಹತ್ತಿದ ಕೊರ್ದೊಫಾನನ್ನು ಗೋಡೆಗೆ ಒರೆಸಿದರು.

ಅಷ್ಟರಲ್ಲಿ ಸ್ಟಾಫ್ ರೂಮಿನ ಬಾಗಿಲು ತೆರೆಯಿತು. ಅವದ್ ಆಕಳಿಸುತ್ತಾ ಹೊರಬಂದ. ಅಂಗಿಯ ಮೇಲೆ ಒಂದು ಕಣ ಧೂಳಿಲ್ಲ.

"ಇವರು ಯಾರು? ನಕಾಶೆಯಲ್ಲಿ ಇವರದೇನು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ನಂದೇನೂ ಇಲ್ಲ ಸಾರ್. ನಾನು ಲೆಕ್ಕ."

"ಇವರು ಹೋದ್ರೆ ಊರಿಗೇನಾದ್ರೂ ತೊಂದರೆ ಇದೆಯಾ?" ಎಂದು ಇನ್‌ಸ್ಪೆಕ್ಟರ್ ಜನರನ್ನು ಕೇಳಿದರು. ಯಾರಿಗೂ ತೊಂದರೆ ಕಾಣಲಿಲ್ಲ.

"ಭೂಗೋಳ ಕಲಿಸಬಲ್ಲಿರಾ?"

ಅವದ್ ಸ್ವಲ್ಪ ಯೋಚಿಸಿದ. "ಭೂಮಿ ಗುಂಡಗಿದೆ ಅಂತ ಗೊತ್ತು ಸಾರ್."

"ಸಾಕು, ಉಳಿದದ್ದು ಹೋಗಿ ಕಲೀರಿ," ಎಂದು ಇನ್‌ಸ್ಪೆಕ್ಟರ್ ಆ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆದು ಸಹಿ ಹಾಕಿದರು.

ತಿಂಗಳ ಬಳಿಕ ಬುಶಾರಾ ಮೇಷ್ಟ್ರಿಗೆ ಪೋರ್ಟ್ ಸುಡಾನಿನಿಂದ ಒಂದು ಕಾಗದ ಬಂತು. "ಸಮುದ್ರ ನೋಡಿದೆ," ಎಂದು ಅವದ್ ಬರೆದಿದ್ದ. "ನೀರಿದೆ. ಆಚೆ ದಡ ಇಲ್ಲ. ಅಷ್ಟೇ. ನೀನು ಹದಿನಾಲ್ಕು ವರ್ಷ ಯಾಕೆ ಒದ್ದಾಡಿದೆಯೋ ತಿಳಿಯಲಿಲ್ಲ. ಇರಲಿ, ಬರುವ ವಾರ ಮಕ್ಕಳಿಗೆ 'ಸಮುದ್ರ' ಅನ್ನೋ ಪಾಠ ಮಾಡಬೇಕಂತೆ. ನನಗೆ ಒಂದಕ್ಷರ ಗೊತ್ತಿಲ್ಲ. ಅಲೆ, ಉಬ್ಬರ ಎಲ್ಲದರ ಮೇಲೂ ವಿವರವಾಗಿ ಬರೆದು ಕಳಿಸು."

ಬುಶಾರಾ ಮೇಷ್ಟ್ರು ಬೇವಿನ ಮರದ ಕೆಳಗೆ ಕುಳಿತು ಆರು ಪುಟ ಬರೆದರು. ಅಲೆ ಹೇಗೆ ಏಳುತ್ತದೆ, ಹೇಗೆ ಬಾಗುತ್ತದೆ, ದಡಕ್ಕೆ ಬಂದು ಹೇಗೆ ಒಡೆಯುತ್ತದೆ ಎಂಬುದನ್ನೆಲ್ಲ ಒಂದೂ ಬಿಡದೆ ಬರೆದರು. ಕಾಗದ ಮಡಿಸಿ ಲಕೋಟೆಗೆ ಹಾಕಿದವರು ಮತ್ತೆ ತೆಗೆದು, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದರು:

"ನೀರು ನಿಜವಾಗಿಯೂ ಉಪ್ಪಗಿದೆಯಾ? ಪುರುಸೊತ್ತಾದಾಗ ಒಂದು ಸಲ ನೆಕ್ಕಿ ನೋಡಿ ಬರಿ."